ಮೊದಲು ಬಾಯಿ ಬಿಟ್ಟವರೇ ಮುಂದಾಳುಗಳಲ್ಲ

ಸೇನಾ ಅಧಿಕಾರಿಯಾಗಲು ಎನ್‌ಡಿಎ, ಸಿಡಿಎಸ್ ಲಿಖಿತ ಪರೀಕ್ಷೆ ಪಾಸಾಗಿ ಐದು ದಿನದ ಎಸ್‌ಎಸ್‌ಬಿ (ಸೇವಾ ಆಯ್ಕೆ ಮಂಡಳಿ) ಪರೀಕ್ಷೆಗೆ ಹೊರಟ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಮಕ್ಕಳಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ‘ಧೈರ್ಯವಾಗಿ ಮಾತಾಡು, ಚರ್ಚೆ ನೀನೇ ಶುರು ಮಾಡು, ಯಾರಿಗೂ ಬಿಟ್ಟುಕೊಡಬೇಡ.’ ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಆ ಐದು ದಿನ ಅಲ್ಲಿ ಏನನ್ನು ನೋಡುತ್ತಾರೆ ಎಂಬುದನ್ನು ಈ ಸಲಹೆ ತಪ್ಪಾಗಿ ತಿಳಿದಿದೆ. ಒಳ್ಳೆಯ ಮಕ್ಕಳು ಎಡವುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ಗುಂಪು ಚರ್ಚೆಯಲ್ಲಿ ನಾಯಕನಿರುವುದಿಲ್ಲ. ಅದು ಬೇಕೆಂದೇ ಮಾಡಿದ ಏರ್ಪಾಡು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ಸೇನೆ ಅಧಿಕಾರಿಗಳ ಆಯ್ಕೆಗೆ ಹೊಸ ಮಂಡಳಿಗಳನ್ನು ಕಟ್ಟಿತು. ಮನೋವೈದ್ಯ ವಿಲ್ಫ್ರೆಡ್ ಬಿಯಾನ್ ಅಲ್ಲಿ ಒಂದು ಪದ್ಧತಿ ರೂಪಿಸಿದ. ಗುಂಪಿಗೆ ಯಾರನ್ನೂ ಮುಖ್ಯಸ್ಥನೆಂದು ನೇಮಿಸದೆ ಕೆಲಸ ಕೊಡುವುದು. ತಾನು ಆಯ್ಕೆಯಾಗಬೇಕೆಂಬ ಆಸೆ ಒಂದು ಕಡೆ, ಗುಂಪಿನ ಕೆಲಸ ಆಗಬೇಕೆಂಬ ಹೊಣೆ ಇನ್ನೊಂದು ಕಡೆ ಎಳೆಯುವಾಗ ಅಭ್ಯರ್ಥಿ ಹೇಗೆ ನಡೆದುಕೊಳ್ಳುತ್ತಾನೆ ಎಂದು ನೋಡುವುದು. ನಮ್ಮ ಎಸ್‌ಎಸ್‌ಬಿಯ ಮೂಲ ಇದೇ. ಅಲ್ಲಿ ತೂಗಿ ನೋಡುವ ಹದಿನೈದು ಗುಣಗಳಲ್ಲಿ ಆತ್ಮವಿಶ್ವಾಸ ಒಂದು, ಅಭಿವ್ಯಕ್ತಿ ಇನ್ನೊಂದು. ಸಹಕಾರ, ಹೊಣೆಗಾರಿಕೆ, ತರ್ಕಬುದ್ಧಿ, ಇತರರೊಡನೆ ಹೊಂದಿಕೊಳ್ಳುವ ಗುಣ ಉಳಿದವುಗಳಲ್ಲಿ ಸೇರಿವೆ. ಬಾಯಿ ಜೋರು ಮಾಡಿ ಎರಡು ಗುಣ ತೋರಿಸಲು ಹೋದವನು ಈ ನಾಲ್ಕನ್ನು ಕಳೆದುಕೊಳ್ಳುತ್ತಾನೆ.

ಮೊದಲ ದಿನದ ಚಿತ್ರಪರೀಕ್ಷೆಯಲ್ಲೇ ಇದು ಕಾಣುತ್ತದೆ. ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು, ಒಂದು ನಿಮಿಷದಲ್ಲಿ ಅದನ್ನು ಹೇಳಬೇಕು, ಆಮೇಲೆ ಗುಂಪಿನವರೆಲ್ಲ ಸೇರಿ ಒಂದೇ ಕಥೆಗೆ ಒಪ್ಪಬೇಕು. ಎಲ್ಲರೂ ತಮ್ಮ ಕಥೆಯನ್ನೇ ಹಿಡಿದು ಕೂಗಾಡಿದರೆ ಗದ್ದಲವಷ್ಟೇ ಉಳಿಯುತ್ತದೆ; ಅಭ್ಯರ್ಥಿಗಳ ಬಾಯಲ್ಲಿ ಅದಕ್ಕೆ ‘ಮೀನು ಮಾರುಕಟ್ಟೆ’ ಎಂದೇ ಹೆಸರು. ಅಂಥ ಗದ್ದಲದಲ್ಲಿ ‘ಚೆಸ್ಟ್ ನಂಬರ್ ಆರು ಹೇಳಿದ ವೈದ್ಯೆಯ ಪಾತ್ರ, ಮೂವರು ಹೇಳಿದ ಪ್ರವಾಹ, ಇವೆರಡನ್ನೂ ಇಟ್ಟುಕೊಳ್ಳೋಣ’ ಎಂದು ಸೇರಿಸಿ ಹೇಳುವವರ ಮಾತು ಚಿಕ್ಕದಾದರೂ ಗುಂಪನ್ನು ಮುಂದಕ್ಕೆ ಒಯ್ಯುತ್ತದೆ. ಹೀಗೆ ಹೇಳಬೇಕಾದರೆ ಎದೆಯ ಮೇಲೆ ಆರು ಸಂಖ್ಯೆ ಧರಿಸಿದ ಅಭ್ಯರ್ಥಿಯ ಕಥೆಯನ್ನು ಕಿವಿಗೊಟ್ಟು ಕೇಳಿರಬೇಕು.

ಕೇಳುವ ಈ ಅಭ್ಯಾಸವನ್ನು ನಮ್ಮ ಶಾಲೆ, ಕಾಲೇಜುಗಳು ಕಲಿಸುತ್ತಿಲ್ಲ. ನಮ್ಮಲ್ಲಿ ನಡೆಯುವುದು ಚರ್ಚಾ ಸ್ಪರ್ಧೆ. ವಿಷಯ ವಾರ ಮೊದಲೇ ಗೊತ್ತು, ಪರವೋ ವಿರೋಧವೋ ಮೊದಲೇ ನಿಗದಿ, ಭಾಷಣ ಬರೆದುಕೊಡುವವರು ಮೇಷ್ಟ್ರು. ಮಗು ಬಾಯಿಪಾಠ ಒಪ್ಪಿಸಿ, ಗಂಟೆ ಬಾರಿಸುವ ಮೊದಲೇ ಮುಗಿಸಿ, ಕಪ್ಪು ತೆಗೆದುಕೊಂಡು ಮನೆಗೆ ಹೋಗುತ್ತದೆ. ಇದರಿಂದ ಸಭಾಕಂಪ ಹೋಗುತ್ತದೆ, ಉಚ್ಚಾರ ಸುಧಾರಿಸುತ್ತದೆ. ಆ ಲಾಭ ಸಣ್ಣದಲ್ಲ. ಆದರೆ ಎದುರಿನವರು ಹೇಳಿದ್ದರಲ್ಲಿ ಸರಿಯಿದ್ದರೆ ಒಪ್ಪಿಕೊಳ್ಳುವ ಸಂದರ್ಭ ಅಲ್ಲಿ ಒಮ್ಮೆಯೂ ಬರುವುದಿಲ್ಲ. ಹಣ ಪಡೆದು ಕಲಿಸುವ ತರಬೇತಿಗಳಲ್ಲಿ ಹಲವು ಇದನ್ನೇ ಇಂಗ್ಲಿಷಿನಲ್ಲಿ ಮುಂದುವರಿಸುತ್ತವೆ: ಶುರು ಮಾಡಲೊಂದು ಸಿದ್ಧವಾಕ್ಯ, ಮುಗಿಸಲೊಂದು ಸಿದ್ಧವಾಕ್ಯ. ನಡುವಿನ ವಿಷಯ ಮಾತ್ರ ಖಾಲಿ.

ನಮ್ಮ ಊರುಗಳಲ್ಲಿ ವಿಷಯಕ್ಕೇನು ಬರವೇ? ಆನೆಗುಂದಿ ಸೇತುವೆಯನ್ನೇ ತೆಗೆದುಕೊಳ್ಳಿ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ತಳವಾರಘಟ್ಟದ ಬಳಿ ಆನೆಗುಂದಿಗೆ ದಾಟಲು ತುಂಗಭದ್ರಾ ಹೊಳೆಗೆ ಈ ಸೇತುವೆ ಕಟ್ಟಲು ಹೊರಟದ್ದೂ ಸೇರಿದಂತೆ ಹಲವು ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಸ್ಮಾರಕ ಉಳಿಯಬೇಕು ಎನ್ನುವುದೂ ನ್ಯಾಯ, ಹರಿಗೋಲು ನಂಬಿ ಹೊಳೆ ದಾಟುವ ಜನರಿಗೆ ದಾರಿ ಬೇಕು ಎನ್ನುವುದೂ ನ್ಯಾಯ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟಾಗಲೆಲ್ಲ ಗಂಗಾವತಿ ಕಡೆಯ ಸೇತುವೆ ಮುಳುಗುವುದನ್ನು ಕಂಡ ಕಂಪ್ಲಿಯ ಹುಡುಗಿಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ‘ಅಭಿವೃದ್ಧಿಯೋ ಪರಂಪರೆಯೋ’ ಎಂದು ವಿಷಯ ಕೊಟ್ಟರೆ ಘೋಷಣೆ ಕೂಗುವವರ ನಡುವೆ ಅವಳು ಈ ಒಂದು ಸಂಗತಿ ಇಟ್ಟರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಹಲವು ತೊಂದರೆಗಳು ಒಮ್ಮೆಗೇ ಎದುರಾದ ಸನ್ನಿವೇಶಕ್ಕೆ ಗುಂಪಾಗಿ ಪರಿಹಾರ ಯೋಜಿಸುವ ಎಸ್‌ಎಸ್‌ಬಿ ಪರೀಕ್ಷೆಗೂ ಮಾದರಿ ನಮ್ಮಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಒತ್ತಡ ಇಳಿಸಲು ಎಲ್ಲ 33 ಗೇಟುಗಳಿಂದ ನೀರು ಬಿಡಬೇಕು. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡಬೇಕು. ರೈತರ ಬೆಳೆಗೆ ನೀರೂ ಉಳಿಯಬೇಕು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ತಾತ್ಕಾಲಿಕ ಗೇಟಿನ (ಸ್ಟಾಪ್‌ಲಾಗ್) ತುಂಡುಗಳನ್ನು ಇಳಿಸಿ ಒಂದು ವಾರದಲ್ಲಿ ಹರಿವನ್ನು ತಡೆದರು. ಯಾವುದು ಮೊದಲು, ಯಾವುದು ಆಮೇಲೆ, ಯಾರ ಕೈಗೆ ಯಾವ ಕೆಲಸ: ಆ ಪರೀಕ್ಷೆ ಕೇಳುವುದೂ ಇದನ್ನೇ.

ಸಂದರ್ಶನದ ಪ್ರಶ್ನೆಗಳು ಅಭ್ಯರ್ಥಿ ಮೊದಲೇ ತುಂಬಿಕೊಟ್ಟ ಅರ್ಜಿಯಿಂದ ಹುಟ್ಟುತ್ತವೆ. ಊರು, ಅದು ಜಿಲ್ಲಾ ಕೇಂದ್ರವೇ, ಜನಸಂಖ್ಯೆ ಎಷ್ಟು, ತಂದೆತಾಯಿಯ ಉದ್ಯೋಗವೇನು ಎಂಬುದೆಲ್ಲ ಅಲ್ಲಿರುತ್ತದೆ. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಏಕೆ ಎಂದು ಕೇಳಿದರೆ ಸಂಡೂರಿನವನು ತಡವರಿಸಬಾರದು. ಅದಿರಿನ ಲಾರಿಯ ಧೂಳೂ ಅದೇ ಲಾರಿ ಕೊಟ್ಟ ಕೂಲಿಯೂ ಅವನಿಗೆ ಗೊತ್ತು; ಎರಡನ್ನೂ ಇದ್ದಂತೆ ಹೇಳಿದರೆ ಸಾಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ದನಿ ಸ್ಥಿರವಾಗಿದ್ದರೆ ಅದೂ ಆತ್ಮವಿಶ್ವಾಸವೇ.

ಈ ಪದ್ಧತಿಯ ಮೇಲೂ ನನಗೆ ತಕರಾರಿದೆ. ಚರ್ಚೆಯ ಭಾಷೆ ಮುಖ್ಯವಾಗಿ ಇಂಗ್ಲಿಷ್. ಹಿಂದಿಗೆ ಅವಕಾಶವಿದೆ, ಕನ್ನಡಕ್ಕಿಲ್ಲ. ಸೇನೆಗೆ ಎಲ್ಲರಿಗೂ ತಿಳಿಯುವ ಭಾಷೆ ಬೇಕು, ಒಪ್ಪುತ್ತೇನೆ. ಆದರೆ ಹಿಂದಿ ಮನೆಮಾತಾದವನಿಗೆ ಇಂಗ್ಲಿಷ್ ತಡವರಿಸಿದಾಗ ಸಿಗುವ ಆಸರೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಸಿಗುವುದಿಲ್ಲ. ಮೌಲ್ಯಮಾಪಕರು ವ್ಯಾಕರಣ ನೋಡುವುದಿಲ್ಲ ಎಂಬುದು ನಿಜವಿದ್ದರೂ, 20 ನಿಮಿಷದ ಚರ್ಚೆಯಲ್ಲಿ ಪದ ಹುಡುಕುತ್ತ ಕಳೆದ ಹೊತ್ತು ಅವಳದೇ ನಷ್ಟ. ಈ ಅಸಮಾನತೆಯನ್ನು ಆಯ್ಕೆ ಮಾಡುವವರು ಎದುರಿಸಲೇಬೇಕು.

ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸ ನಾವು ಮಾಡಬಹುದು. ಪಿಯು ಕಾಲೇಜುಗಳು ಒಂದು ವರ್ಷವಾದರೂ ಚರ್ಚಾ ಸ್ಪರ್ಧೆಯ ರೀತಿ ಬದಲಿಸಲಿ. ಎಂಟು ಮಂದಿ ಅರ್ಧವೃತ್ತದಲ್ಲಿ ಕೂರಲಿ, ವಿಷಯ ಆ ಕ್ಷಣಕ್ಕೆ ಕೊಡಲಿ, ಅಧ್ಯಕ್ಷರು ಬೇಡ, ಪರ ವಿರೋಧ ಬೇಡ. ಮೊದಲು ಕನ್ನಡದಲ್ಲಿ, ವಿಚಾರ ಗಟ್ಟಿಯಾದ ಮೇಲೆ ಇಂಗ್ಲಿಷಿನ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ಬಹುಮಾನವನ್ನು ಹೆಚ್ಚು ಮಾತಾಡಿದವರಿಗೆ ಕೊಡದೆ, ಬೇರೆಯವರ ಮಾತನ್ನು ಬೆಳೆಸಿದವರಿಗೆ ಕೊಡಲಿ. ಹೀಗೆ ಕಲಿತವರಲ್ಲಿ ಕೆಲವರು ಸೇನೆಗೆ ರೆಕಮೆಂಡ್ ಆಗಬಹುದು. ಆಗದವರೂ ಗ್ರಾಮಸಭೆಯಲ್ಲಿ, ನೀರಿನ ಸಭೆಯಲ್ಲಿ, ಆಸ್ಪತ್ರೆ ಸಮಿತಿಯಲ್ಲಿ ನೆಲೆನಿಂತು ಮಾತಾಡುವ ನಾಗರಿಕರಾಗುತ್ತಾರೆ.