ಮಾನನಷ್ಟ ದಾವೆ: ತೀರ್ಪಿನ ತೂಕ, ತಡೆಯ ತೂಕ

ಮಾನಹಾನಿಗೆ ಭಾರತದಲ್ಲಿ ಎರಡು ಬಗೆಯ ಪರಿಹಾರಗಳಿವೆ: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ, ಮತ್ತು ಹಣದ ಪರಿಹಾರ ಕೋರುವ ಸಿವಿಲ್ ದಾವೆ. ಎರಡನೆಯದಕ್ಕೆ ಪ್ರತ್ಯೇಕ ಕಾಯ್ದೆಯಿಲ್ಲ. ನ್ಯಾಯಾಲಯಗಳ ತೀರ್ಪುಗಳಿಂದಲೇ ಅದು ರೂಪುಗೊಂಡಿದೆ.

ಮಾನಹಾನಿಕರ ಮಾತು ಪ್ರಕಟವಾದ ಒಂದು ವರ್ಷದೊಳಗೆ ದಾವೆ ಹೂಡಬೇಕು. ಕೇಳುವ ಮೊತ್ತ ಹೆಚ್ಚಿದಂತೆ ಕೋರ್ಟ್ ಶುಲ್ಕವೂ ಏರುವುದರಿಂದ, ದೊಡ್ಡ ಪರಿಹಾರ ಕೇಳುವುದು ಉಳ್ಳವರಿಗಷ್ಟೇ ಸುಲಭ. ಸಮನ್ಸ್ ತಲುಪಿದ ಪ್ರತಿವಾದಿ ಸಾಮಾನ್ಯವಾಗಿ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಅನಂತರ ವಿವಾದಾಂಶಗಳ ನಿಗದಿ, ಸಾಕ್ಷ್ಯ, ಪಾಟೀ ಸವಾಲು, ವಾದ, ತೀರ್ಪು. ಆಡಿದ್ದು ಸತ್ಯವೆಂದು ಸಾಬೀತುಪಡಿಸುವ ಹೊಣೆ ಪ್ರತಿವಾದಿಯದು.

ಈ ಹಾದಿ ಎಷ್ಟು ದೀರ್ಘವೆಂಬುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. ನೈಸ್ ರಸ್ತೆಯ ಕುರಿತು ಎಚ್.ಡಿ. ದೇವೇಗೌಡರು 2011ರ ಜೂನ್‌ನಲ್ಲಿ ಸುದ್ದಿವಾಹಿನಿಯ ಸಂದರ್ಶನದಲ್ಲಿ ಆಡಿದ ಮಾತುಗಳಿಗಾಗಿ ಆ ರಸ್ತೆಯನ್ನು ನಿರ್ಮಿಸಿದ ಕಂಪನಿ 10 ಕೋಟಿ ರೂಪಾಯಿ ಪರಿಹಾರ ಕೋರಿತು. ಆರೋಪಗಳು ಸಾಬೀತಾಗಲಿಲ್ಲವೆಂದು ಸಿವಿಲ್ ನ್ಯಾಯಾಲಯ 2 ಕೋಟಿ ರೂಪಾಯಿ ಕೊಡಲು ಆದೇಶಿಸಿದ್ದು 2021ರ ಜೂನ್‌ನಲ್ಲಿ. ಮರುವರ್ಷ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಹತ್ತು ವರ್ಷ ಕಳೆದರೂ ಯಾರ ಪಾಲಿಗೂ ವಿಷಯ ಇತ್ಯರ್ಥವಾಗಿರಲಿಲ್ಲ.

ತೀರ್ಪು ಇಷ್ಟು ದೂರವಿರುವಾಗ, ದಾವೆಯ ನಿಜವಾದ ಬಲ ಅದರ ಆರಂಭದಲ್ಲಿ ಸಿಗುವ ತಾತ್ಕಾಲಿಕ ಪ್ರತಿಬಂಧಕಾಜ್ಞೆಗೆ ಬಂದಿದೆ. 2019ರ ಲೋಕಸಭಾ ಚುನಾವಣೆಗೆ ಮೊದಲು ಬೆಂಗಳೂರು ದಕ್ಷಿಣದ ಅಭ್ಯರ್ಥಿ ತೇಜಸ್ವಿ ಸೂರ್ಯ ಅವರ ದಾವೆಯಲ್ಲಿ ಸಿವಿಲ್ ನ್ಯಾಯಾಲಯ 49 ಮಾಧ್ಯಮ ಸಂಸ್ಥೆಗಳ ಮೇಲೆ ಅಂಥ ಆಜ್ಞೆ ಹೊರಡಿಸಿತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಮತದಾನಕ್ಕೆ ಮುಂಚಿನ ಆ ದಿನಗಳಲ್ಲಿ ಮತದಾರರು ತಿಳಿಯದೆ ಉಳಿದುದನ್ನು ಯಾವ ರದ್ದತಿಯೂ ತುಂಬಿಕೊಡಲಾರದು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್–ಝೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೂರ್ಣ ವಿಚಾರಣೆಗೆ ಮೊದಲು ಪ್ರಕಟಣೆಗೆ ತಡೆ ನೀಡುವುದು ಅಪವಾದವಾಗಿರಬೇಕೆಂದು ಎಚ್ಚರಿಸಿತು.

ಕಾನೂನಿನಲ್ಲಿ ಇದಕ್ಕೆ ಕಡಿವಾಣ ಆಗಲೇ ಇದೆ. ಎದುರು ಪಕ್ಷವನ್ನು ಕೇಳದೆ ತಡೆ ಕೊಟ್ಟರೆ, ಆ ಅರ್ಜಿಯನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ ಹೇಳುತ್ತದೆ. ಈ ಗಡುವನ್ನು ಕಟ್ಟುನಿಟ್ಟಾಗಿ ಪಾಲಿಸಿ, ಸಾಕ್ಷ್ಯದ ಹಂತವನ್ನು ಚುರುಕುಗೊಳಿಸಿದರೆ ಮಾತ್ರ ಈ ದಾವೆ ಗೌರವವನ್ನೂ ವಾಕ್ ಸ್ವಾತಂತ್ರ್ಯವನ್ನೂ ಒಟ್ಟಿಗೆ ಕಾಯಬಲ್ಲದು.