ಸಳನ ತಾಯ್ತಂದೆ: ಒಂದು ವಂಶಾವಳಿಯ ವಿಮರ್ಶೆ

ಹೊಯ್ಸಳ ವಂಶದ ಮೂಲಪುರುಷನೆಂದು ಪ್ರಸಿದ್ಧನಾದ ಸಳನಿಗೆ ಹುಟ್ಟಿದ ವರ್ಷವಿಲ್ಲ, ತಂದೆಯ ಹೆಸರಿಲ್ಲ, ತಾಯಿಯ ಹೆಸರಂತೂ ಇಲ್ಲವೇ ಇಲ್ಲ. ಆದರೂ ಜೈನ ಸಮಾಜದ ಸ್ಮರಣ ಸಂಚಿಕೆಗಳಲ್ಲಿ, ಬಸದಿಗಳ ಪರಿಚಯ ಪುಸ್ತಿಕೆಗಳಲ್ಲಿ, ಶಾಲೆಯ ಪಾಠಗಳಲ್ಲಿ ಅವನಷ್ಟು ನಿಸ್ಸಂಶಯವಾಗಿ ಬದುಕಿರುವ ಪೂರ್ವಿಕ ಮತ್ತೊಬ್ಬನಿಲ್ಲ. ಸುದತ್ತ ಮುನಿಗಳು ‘ಹೊಯ್ ಸಳ’ ಎಂದರು, ಸಳನು ಹುಲಿಯನ್ನು ಹೊಡೆದನು, ರಾಜ್ಯವೊಂದು ಹುಟ್ಟಿತು. ಈ ಕಥೆ ನಡೆದ ನೆಲವೆಂದು ಗುರುತಿಸಲಾಗಿರುವುದು ಸಕಲೇಶಪುರಕ್ಕೆ ಹೊಂದಿಕೊಂಡ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ; ಶಾಸನಗಳ ಸೊಸೆವೂರು, ಸಂಸ್ಕೃತದ ಶಶಕಪುರ. ಸಕಲೇಶಪುರ, ಆಲೂರು ಸೀಮೆಯ ಶ್ರಾವಕ ಕುಟುಂಬಗಳು ಇದನ್ನು ತಮ್ಮ ಬೆಟ್ಟಸೀಮೆಯ ಹೆಮ್ಮೆಯೆಂದು ಭಾವಿಸುವುದು ಸಹಜವೇ. ಆ ಹೆಮ್ಮೆ ಯಾವ ದಾಖಲೆಯ ಮೇಲೆ ನಿಂತಿದೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ.

ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಈ ಮನೆತನದ ಮೊದಲಿಗನೆಂದು ಇತಿಹಾಸಕಾರರು ಸಾಮಾನ್ಯವಾಗಿ ಎಣಿಸುವುದು ಸುಮಾರು ೯೫೦ರ ಅರಕೆಲ್ಲನನ್ನು; ಅವನ ನಂತರ ಮಾರುಗ. ಪೊಯ್ಸಳರ ಹೆಸರು ಸ್ಪಷ್ಟವಾಗಿ ಕಾಣಿಸುವ ಹಳೆಯ ಶಾಸನಗಳಲ್ಲಿ ಒಂದು ತಿರುಮಕೂಡಲು ನರಸೀಪುರದ ಬಳಿಯ ಕಲಿಯೂರಿನದು. ಅದು ಅವರ ಸ್ವಂತ ಶಾಸನವೂ ಅಲ್ಲ. ಚೋಳ ರಾಜರಾಜನ ದಂಡನಾಯಕ ಅಪ್ರಮೇಯನು ಸುಮಾರು ೧೦೦೬ರಲ್ಲಿ ಪೊಯ್ಸಳನ ಮಂತ್ರಿಯನ್ನು ಸೋಲಿಸಿದನೆಂದು ಸಾರುವ, ಶತ್ರುಪಕ್ಷದ ಬರಹ. ಹೊಗಳುವ ಉದ್ದೇಶವೇ ಇಲ್ಲದ ಶತ್ರುವಿನ ಸಾಕ್ಷ್ಯಕ್ಕೆ ಇರುವ ಬೆಲೆ ಬಂಧುವಿನ ಸಾಕ್ಷ್ಯಕ್ಕೆ ಇರುವುದಿಲ್ಲ. ಆ ಬಳಿಕ ನೃಪಕಾಮ, ಅವನ ಮಗ ವಿನಯಾದಿತ್ಯ, ವಿನಯಾದಿತ್ಯನ ಮಗ ಎರೆಯಂಗ, ಎರೆಯಂಗ ಮತ್ತು ಏಚಲದೇವಿಯರ ಮಕ್ಕಳಾದ ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯ. ಸಳನ ಕಥೆ ಮೊದಲು ಪ್ರಕಟವಾಗುವುದು ಬಿಟ್ಟಿದೇವನ, ಎಂದರೆ ವಿಷ್ಣುವರ್ಧನನ, ೧೧೧೭ರ ಬೇಲೂರು ಶಾಸನದಲ್ಲಿ ಎಂದು ವಿದ್ವಾಂಸರು ಎಣಿಸಿದ್ದಾರೆ. ಕಲಿಯೂರಿನ ಶಾಸನಕ್ಕೂ ಇದಕ್ಕೂ ನೂರ ಹತ್ತು ವರ್ಷಗಳ ಅಂತರ. ವಂಶದ ಮೂಲಪುರುಷನು ವಂಶದ ದಾಖಲೆಯೊಳಗೆ ಮರಿಮಕ್ಕಳ ಕಾಲದಲ್ಲಿ ಪ್ರವೇಶಿಸುತ್ತಾನೆ.

ಪ್ರವೇಶಿಸಿದ ಮೇಲೆ ಏನಾಯಿತೆಂಬುದು ಇನ್ನೂ ಗಮನಾರ್ಹ. ಹೊಯ್ಸಳರ ಬಹುತೇಕ ಶಾಸನಗಳ ವಂಶಾವಳಿ ಬ್ರಹ್ಮ, ಅತ್ರಿ, ಸೋಮ, ಪುರೂರವ ಮುಂತಾಗಿ ಇಳಿದು ಯದುವಿಗೆ ಬರುತ್ತದೆ. ಯದುವಂಶದಲ್ಲಿ ಸಳನು, ಸಳನ ವಂಶದಲ್ಲಿ ವಿನಯಾದಿತ್ಯನು. ವಿನಯಾದಿತ್ಯನ ತಂದೆ ನೃಪಕಾಮನ ಹೆಸರು ಕೆಲವೇ ಶಾಸನಗಳಲ್ಲಿ ಉಳಿದಿದೆ. ಹೆತ್ತ ತಂದೆಯನ್ನು ಕೈಬಿಟ್ಟು ಕಥೆಯ ಅಜ್ಜನನ್ನು ಕೂರಿಸಿಕೊಂಡ ವಂಶಾವಳಿಯಿದು. ‘ದ್ವಾರಾವತೀಪುರವರಾಧೀಶ್ವರ’ ಎಂಬ ಬಿರುದೂ ಇದೇ ಬಗೆಯದು. ದೇವಗಿರಿಯ ಸೇವುಣರೂ ಯದುವಂಶವನ್ನೇ ಹೇಳಿಕೊಂಡರು. ಇದಕ್ಕೆ ಪ್ರತಿಯಾಗಿ ‘ಮಲೆಪರೊಳ್ಗಂಡ’ ಎಂಬ ಇನ್ನೊಂದು ಬಿರುದಿದೆ. ಮಲೆನಾಡಿನ ನಾಯಕರಲ್ಲಿ ಗಂಡನೆನಿಸಿಕೊಂಡವನು ದ್ವಾರಕೆಯಿಂದ ಬಂದವನಲ್ಲ, ಈ ಗುಡ್ಡಗಳ ನಡುವೆ ಬೆಳೆದವನು. ವಿನಯಾದಿತ್ಯನ ನಾಡಿಗೆ ಶಾಸನಗಳು ಹೇಳುವ ಎಲ್ಲೆಗಳು ಕೊಂಕಣ, ಆಳ್ವಖೇಡ, ಬಯಲ್ನಾಡು, ತಲಕಾಡು, ಸಾವಿಮಲೆ. ಘಟ್ಟದ ಕೆಳಗಣ ಆಳ್ವಖೇಡಕ್ಕೂ ಬಯಲಿಗೂ ನಡುವೆ ನಿಂತಿರುವುದೇ ಸಕಲೇಶಪುರದ ಬೆಟ್ಟಸಾಲು.

೧೧೧೭ರಲ್ಲಿಯೇ ಈ ಕಥೆ ಏಕೆ ಬೇಕಾಯಿತು? ೧೧೧೬ರಲ್ಲಿ ವಿಷ್ಣುವರ್ಧನನು ತಲಕಾಡನ್ನು ಗೆದ್ದು ಚೋಳರನ್ನು ಹೊರಹಾಕಿದ್ದನು. ಚೋಳರ ಲಾಂಛನ ಹುಲಿ. ಹುಲಿಯನ್ನು ಇರಿಯುವ ವೀರನ ಶಿಲ್ಪ ಈ ಗೆಲುವಿನ ಸಂಕೇತವೆಂದು ಹಲವರು ಊಹಿಸಿದ್ದಾರೆ. ಕಾಲಕ್ಕೆ ಹೊಂದುವ ಊಹೆಯೇ ಹೌದು. ಆದರೆ ಲಾಂಛನವನ್ನು ವಿವರಿಸಿದಷ್ಟು ಸುಲಭವಾಗಿ ಅದು ಕಥೆಯೊಳಗಿನ ಮುನಿಯನ್ನು ವಿವರಿಸುವುದಿಲ್ಲ.

ಆ ಮುನಿಯ ವಿಚಾರದಲ್ಲಿ ಜೈನ ಓದುಗರಿಗೆ ಅತ್ಯಂತ ಪರಿಚಿತವಾದ ಗ್ರಂಥ ಭಾಸ್ಕರ ಆನಂದ ಸಾಲೆತ್ತೂರರು ೧೯೩೮ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಮೀಡಿಯೀವಲ್ ಜೈನಿಸಮ್’. ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ ಜೈನರ ಪಾತ್ರವನ್ನು ಶಾಸನಗಳಿಂದಲೇ ಎತ್ತಿ ತೋರಿಸಿದ ಆ ಗ್ರಂಥದ ಉಪಕಾರ ದೊಡ್ಡದು. ಸಮಾಜದ ಎಷ್ಟೋ ಬರಹಗಳು ಇಂದಿಗೂ ಅದರ ನೆರಳಿನಲ್ಲಿಯೇ ನಡೆಯುತ್ತವೆ. ಆದರೆ ಗಂಗರಾಜ್ಯಕ್ಕೆ ಸಿಂಹನಂದಿ ಆಚಾರ್ಯರು ಹೇಗೋ ಹಾಗೆಯೇ ಹೊಯ್ಸಳರಾಜ್ಯಕ್ಕೆ ಸುದತ್ತ ಮುನಿಗಳು ಎಂದು ಸಾಲೆತ್ತೂರರು ನಿರ್ಣಯಿಸುವಲ್ಲಿ ವಿಮರ್ಶೆ ಸಡಿಲವಾಗಿದೆ. ದಡಿಗ, ಮಾಧವರೆಂಬ ಅನಾಥ ರಾಜಕುಮಾರರನ್ನು ಸಿಂಹನಂದಿಗಳು ಕೈಹಿಡಿದ ಕಥೆ ವಿಸ್ತಾರವಾಗಿ ಸಿಗುವುದು ಕಲ್ಲೂರುಗುಡ್ಡ ಮೊದಲಾದ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ. ಒಂದೇ ಕಾಲದಲ್ಲಿ, ಒಂದೇ ನಾಡಿನಲ್ಲಿ, ಒಂದೇ ಅಚ್ಚಿನಲ್ಲಿ ಎರಡು ಕಥೆಗಳು ಕಾಣಿಸಿಕೊಂಡರೆ ಒಂದು ಮತ್ತೊಂದಕ್ಕೆ ಸಾಕ್ಷಿಯಾಗುವುದಿಲ್ಲ. ಎರಡರ ಮೇಲೂ ಅನುಮಾನ ಹುಟ್ಟಬೇಕು. ಸಳನ ಕಥೆಯ ಪಾಠಗಳೂ ಒಂದಕ್ಕೊಂದು ಹೊಂದುವುದಿಲ್ಲ. ಕೆಲವೆಡೆ ಮುನಿಗೆ ಹೆಸರೇ ಇಲ್ಲ, ಕೆಲವೆಡೆ ಸುದತ್ತರೆಂಬ ಹೆಸರಿದೆ. ದೇವಿ ಒಮ್ಮೆ ಪದ್ಮಾವತಿ, ಒಮ್ಮೆ ವಾಸಂತಿಕೆ. ಹೆಸರುಗಳು ಹೀಗೆ ಜಾರುವುದು ಕಂಡದ್ದನ್ನು ಬರೆದವರ ಲಕ್ಷಣವಲ್ಲ, ಕೇಳಿದ್ದನ್ನು ಬರೆದವರ ಲಕ್ಷಣ.

ಶಾಸನಜ್ಞರು ಎತ್ತದಿದ್ದರೂ ಶ್ರಾವಕನಾದವನು ಎತ್ತಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಪಂಚಮಹಾವ್ರತಧಾರಿಯಾದ ದಿಗಂಬರ ಮುನಿಯ ಬಾಯಿಂದ ‘ಹೊಡೆ’ ಎಂಬ ಆಜ್ಞೆ ಬರುವುದು ಹೇಗೆ? ಹಿಂಸೆಯನ್ನು ತಾನು ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪುವುದು ಅನುಮೋದನ. ಮುನಿಯ ಅಹಿಂಸಾವ್ರತದಲ್ಲಿ ಮೂರಕ್ಕೂ ಎಡೆಯಿಲ್ಲ. ಎರಗುವ ಹುಲಿಯನ್ನು ತಡೆಯುವುದು ವಿರೋಧೀ ಹಿಂಸೆ, ಅದು ಗೃಹಸ್ಥನಿಗೆ ಅನಿವಾರ್ಯವೆಂದು ಕ್ಷಮ್ಯ ಎಂಬ ಸಮಾಧಾನ ಸಳನಿಗೆ ಸಲ್ಲಬಹುದು. ಉಪಸರ್ಗವನ್ನು ಸಹಿಸುವುದೇ ಧರ್ಮವೆಂದು ತಿಳಿದ ಮುನಿಗೆ ಅದು ಸಲ್ಲುವುದಿಲ್ಲ. ಮುನಿಯು ದೇವಿಯನ್ನು ವಶಪಡಿಸಿಕೊಳ್ಳಲು ಮಂತ್ರಸಾಧನೆ ನಡೆಸಿದ್ದನೆಂಬ ಪಾಠವಂತೂ ಇನ್ನಷ್ಟು ಮುಜುಗರದ್ದು. ಈ ಕಥೆಯನ್ನು ಕಟ್ಟಿದವನು ಅರಮನೆಯ ಪ್ರಶಸ್ತಿಕಾರನೇ ಹೊರತು ಬಸದಿಯ ಆಚಾರ್ಯನಲ್ಲವೆಂದು ನಂಬಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಜಿನಧರ್ಮದ ಹಿರಿಮೆಗೆಂದು ಇದನ್ನೇ ಬಸದಿಯ ಗೋಡೆಗಳಲ್ಲಿ ಚಿತ್ರಿಸುವ ಉತ್ಸಾಹಿಗಳು ಇದನ್ನು ಗಮನಿಸಿದಂತೆ ಕಾಣುವುದಿಲ್ಲ.

ಸುದತ್ತರನ್ನು ಕೈಬಿಟ್ಟರೆ ಜೈನರಿಗೆ ಉಳಿಯುವುದೇನು ಎಂಬ ಅಳುಕಿಗೆ ಅಂಗಡಿಯ ಕಲ್ಲುಗಳೇ ಉತ್ತರ ಕೊಡುತ್ತವೆ. ಅಲ್ಲಿ ವಿಮಲಚಂದ್ರ ಪಂಡಿತದೇವರ ನಿಷಿಧಿಯಿದೆ, ಬಿ. ಎಲ್. ರೈಸರು ಅದನ್ನು ಸುಮಾರು ೯೯೦ರದೆಂದು ಎಣಿಸಿದರು. ಹೊಯ್ಸಳರು ಪ್ರಬಲರಾಗುವುದಕ್ಕೂ ಮೊದಲೇ ಆ ಊರಿನಲ್ಲಿ ಮುನಿಸಂಘವಿತ್ತೆಂಬುದು ಇದರಿಂದ ಸಿದ್ಧ. ೧೦೬೨ರಲ್ಲಿ ಅಲ್ಲಿಯೇ ದೇಹಬಿಟ್ಟ ಶಾಂತಿದೇವರು ವಿನಯಾದಿತ್ಯನ ಗುರುಗಳು. ಶ್ರವಣಬೆಳ್ಗೊಳದ ೧೧೨೯ರ ಮಲ್ಲಿಷೇಣ ಪ್ರಶಸ್ತಿಯೂ ವಿನಯಾದಿತ್ಯನ ಏಳಿಗೆಗೆ ಇದೇ ಶಾಂತಿದೇವರ ಪಾದಸೇವೆಯೇ ಕಾರಣವೆನ್ನುತ್ತದೆ. ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ಉದ್ದೇಶಗಳಿಗಾಗಿ ಕೆತ್ತಿದ ಎರಡು ಕಲ್ಲುಗಳು ಒಬ್ಬ ಗುರುವನ್ನೂ ಒಬ್ಬ ಅರಸನನ್ನೂ ಸೇರಿಸಿ ಹೇಳುತ್ತವೆ. ಇಲ್ಲಿ ಹುಲಿಯಿಲ್ಲ, ಪವಾಡವಿಲ್ಲ. ಗುರುಶಿಷ್ಯ ಸಂಬಂಧವೊಂದು ತೇದಿಯ ಸಮೇತ ಇದೆ.

ಹೆತ್ತವರ ಹೆಸರು ಹುಡುಕುವವರಿಗೂ ಇಂಥ ಕಲ್ಲುಗಳೇ ಗತಿ. ಬೇಲೂರಿನಲ್ಲಿ ಸಳನ ಕಥೆ ಕೆತ್ತಿದ ೧೧೧೭ರಲ್ಲಿಯೇ ಚಂದ್ರಗಿರಿಯ ತೇರಿನ ಬಸದಿಯ ಶಾಸನವೂ ಹುಟ್ಟಿತು. ವಿಷ್ಣುವರ್ಧನನ ರಾಜಶ್ರೇಷ್ಠಿಗಳಾದ ಪೊಯ್ಸಳಸೆಟ್ಟಿ ಮತ್ತು ನೇಮಿಸೆಟ್ಟಿಯರ ತಾಯಂದಿರು ಮಾಚಿಕಬ್ಬೆ, ಶಾಂತಿಕಬ್ಬೆಯರು ಆ ಬಸದಿಯನ್ನು ಕಟ್ಟಿಸಿ ಭಾನುಕೀರ್ತಿ ಮುನಿಗಳಿಂದ ದೀಕ್ಷೆ ಪಡೆದರು. ಚಕ್ರವರ್ತಿಗಳ ಮೂಲಪುರುಷನಿಗೆ ಇಲ್ಲದ ತಾಯಿ ವ್ಯಾಪಾರಿಗಳಿಬ್ಬರಿಗೆ ಇದ್ದಾಳೆ. ಇಲ್ಲಿ ಎಚ್ಚರಿಕೆಯೂ ಬೇಕು. ಸೆಟ್ಟಿಯ ಹೆಸರಿನಲ್ಲಿ ‘ಪೊಯ್ಸಳ’ ಇದ್ದ ಮಾತ್ರಕ್ಕೆ ಅವನು ರಾಜವಂಶದವನಲ್ಲ. ಮಾಚಿಕಬ್ಬೆಯರೂ ಇಬ್ಬರಿದ್ದಾರೆ: ೧೧೩೧ರಲ್ಲಿ ಶಾಂತಲದೇವಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ಬೆಳ್ಗೊಳದಲ್ಲಿ ಸಲ್ಲೇಖನ ಕೈಗೊಂಡ ತಾಯಿಯ ಹೆಸರೂ ಮಾಚಿಕಬ್ಬೆ. ಆಕೆ ಪೆರ್ಗಡೆ ಮಾರಸಿಂಗಯ್ಯನ ಮಡದಿ, ಬಲದೇವ ಮತ್ತು ಬಾಚಿಕಬ್ಬೆಯರ ಮಗಳು, ನಾಗವರ್ಮನ ಮೊಮ್ಮಗಳು. ಹದಿನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಬೆಟ್ಟದ ಸುತ್ತ ಒಂದೇ ಹೆಸರಿನ ಇಬ್ಬರು ಶ್ರಾವಕಿಯರು. ಹೆಸರೊಂದನ್ನೇ ನಂಬಿದವನು ಸೆಟ್ಟಿಯನ್ನು ರಾಣಿಯ ಅಣ್ಣನನ್ನಾಗಿ ಮಾಡಿಬಿಡುವನು. ಗಂಡನ ಹೆಸರು, ತಂದೆಯ ಹೆಸರು, ದೀಕ್ಷಾಗುರುವಿನ ಹೆಸರು ಈ ಮೂರರಲ್ಲಿ ಎರಡಾದರೂ ಕೂಡದೆ ಒಬ್ಬರನ್ನು ಮತ್ತೊಬ್ಬರೆಂದು ಹೇಳಲಾಗದು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಹೆಸರಿಸಿ ಹೇಳಿದೆ. ಸಾಲಪತ್ರ, ಲೆಕ್ಕಪತ್ರಗಳಿಗೆ ಮಾತ್ರ ಇದು ಅನ್ವಯವೆಂದು ತಿಳಿಯುವುದು ರೂಢಿ. ಮನೆತನದ ವಂಶವೃಕ್ಷವೂ ಬರಹವೇ, ಕ್ಷೇತ್ರದ ಇತಿಹಾಸವೂ ಬರಹವೇ. ಬಿಟ್ಟುಹೋದ ತಲೆಮಾರಿಗೆ ಪುರಾಣದ ಹೆಸರನ್ನು ತುಂಬುವವನಿಗೆ ಕೆಡುಕಿನ ಉದ್ದೇಶವಿಲ್ಲದಿರಬಹುದು. ಆದರೆ ಮುಂದಿನ ಪೀಳಿಗೆ ಅದನ್ನೇ ದಾಖಲೆಯೆಂದು ನಂಬುತ್ತದೆ. ನೃಪಕಾಮನಿಗಾದದ್ದು ಇದೇ.

ಸಕಲೇಶಪುರದ ಭಾಗದಲ್ಲಿ ಪೂರ್ವಿಕರನ್ನು ಹುಡುಕುವವರು ಮೊದಲು ತಿಳಿಯಬೇಕಾದದ್ದು ಊರಿನ ಹಳೆಯ ಹೆಸರು. ರೈಸರು ೧೯೦೨ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟದಲ್ಲಿ ಈ ತಾಲ್ಲೂಕು ‘ಮಂಜರಾಬಾದ್’ ಎಂದಿದೆ. ಸಕಲೇಶಪುರವೆಂದು ಹುಡುಕಿದವನು ಬರಿಗೈಯಲ್ಲಿ ಮರಳುತ್ತಾನೆ. ಅಂಗಡಿಯ ಶಾಸನಗಳು ಹಾಸನದ ಸಂಪುಟದಲ್ಲಿ ಇಲ್ಲವೇ ಇಲ್ಲ. ಅವು ಕಡೂರು ಜಿಲ್ಲೆಯ ೧೯೦೧ರ ಸಂಪುಟದಲ್ಲಿ, ಮೂಡಿಗೆರೆಯ ಭಾಗದಲ್ಲಿವೆ. ಅಚ್ಚಾದ ಪಾಠ ಸಿಕ್ಕ ಮೇಲೆ ಕಲ್ಲನ್ನೂ ನೋಡಬೇಕು. ಕಾಫಿತೋಟದ ಅಂಚಿನಲ್ಲಿ, ಜೀರ್ಣೋದ್ಧಾರವಾಗುತ್ತಿರುವ ಬಸದಿಯ ಅಂಗಳದಲ್ಲಿ ಒರಗಿಸಿಟ್ಟ ನಿಷಿಧಿಗಲ್ಲಿಗೆ ಸಿಮೆಂಟು, ಬಣ್ಣ ಬಳಿದರೆ ಮೊದಲು ಮುಚ್ಚಿಹೋಗುವುದು ಅದರ ಕೆಳಸಾಲು. ಕಲ್ಲು ನಿಲ್ಲಿಸಿದವರ ಹೆಸರು ಹೆಚ್ಚಾಗಿ ಇರುವುದು ಅಲ್ಲಿಯೇ.