ಮದರಾಸಿನ ದೀಪಸ್ತಂಭಗಳೂ ಪ್ರವಾಸಿಯ ಛಾಯಾಚಿತ್ರವೂ

ದೇಶ ಸುತ್ತುವವರಿಗೆ ದೀಪಸ್ತಂಭವು ಬಹು ಮೆಚ್ಚಿನ ಚಿತ್ರವಸ್ತು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ನಿರ್ಮಿತವಾದ ಸ್ತಂಭವನ್ನು ಸೂರ್ಯಾಸ್ತದ ಹಿನ್ನೆಲೆಯಲ್ಲಿ ತೋರಿಸುವ ಚಿತ್ರವನ್ನು ಕಾಣದ ಕನ್ನಡಿಗರು ವಿರಳ. ಇಂಥ ಚಿತ್ರಗಳಲ್ಲಿ ಸೊಬಗಿಗೆ ಕೊರತೆಯಿಲ್ಲ. ಆದರೆ ಛಾಯಾಚಿತ್ರವು ಅಲಂಕಾರ ಮಾತ್ರವಲ್ಲ, ಚರಿತ್ರೆಯ ಆಧಾರವೂ ಹೌದು. ಆ ದೃಷ್ಟಿಯಿಂದ ಅದರ ಗುಣದೋಷಗಳನ್ನು ವಿವೇಚಿಸಲು ಚೆನ್ನೈ ನಗರವು ತಕ್ಕ ಒರೆಗಲ್ಲು.

ಈ ನಗರದಲ್ಲಿ ದೀಪವು ನಾಲ್ಕು ನೆಲೆಗಳನ್ನು ಕಂಡಿದೆ. 1796ರಲ್ಲಿ ಅದು ಸೇಂಟ್ ಜಾರ್ಜ್ ಕೋಟೆಯೊಳಗೆ, ಇಂದು ವಸ್ತುಸಂಗ್ರಹಾಲಯವಾಗಿರುವ ಕಟ್ಟಡದ ಮಾಳಿಗೆಯ ಮೇಲೆ, ತೆಂಗಿನೆಣ್ಣೆಯಿಂದ ಬೆಳಗಿತು. 1844ರಲ್ಲಿ ಡೋರಿಕ್ ಶೈಲಿಯ ಕಲ್ಲಿನ ಕಂಬವನ್ನೇರಿತು. 1892ರಲ್ಲಿ ಪೂರ್ಣಗೊಂಡ ಉಚ್ಚ ನ್ಯಾಯಾಲಯದ ಭವನದ ಅತ್ಯುನ್ನತ ಗುಮ್ಮಟಕ್ಕೆ 1894ರಲ್ಲಿ ಸ್ಥಳಾಂತರ ಹೊಂದಿತು. 1977ರಿಂದ ಮರೀನಾ ಕಡಲತೀರದ ಮುಮ್ಮೂಲೆಯ ಗೋಪುರದಲ್ಲಿ ನೆಲಸಿದೆ. ಹೀಗಿರುವಾಗ ‘ಮದರಾಸಿನ ದೀಪಸ್ತಂಭ’ ಎಂಬ ಒಂದೇ ಶೀರ್ಷಿಕೆಯನ್ನು ಕೊಟ್ಟು ಕಾಲವನ್ನು ಹೇಳದೆ ಬಿಟ್ಟ ಚಿತ್ರವು ವಾಚಕನ ದಾರಿ ತಪ್ಪಿಸುತ್ತದೆ. ಡೋರಿಕ್ ಕಂಬವು ಇಂದಿಗೂ ನ್ಯಾಯಾಲಯದ ಆವರಣದಲ್ಲಿ ನಿಂತಿದೆ. 1894ಕ್ಕೆ ಮುಂಚಿನ ಚಿತ್ರದಲ್ಲಿ ಅದು ನಾವಿಕರನ್ನು ಕಾಯುವ ದೀಪ. ಅನಂತರದ ಚಿತ್ರದಲ್ಲಿ ದೀಪ ಕಳೆದುಕೊಂಡ ಸ್ಮಾರಕ. ಕಲ್ಲು ಅದೇ, ಅರ್ಥ ಬೇರೆ.

ವರ್ಣವೂ ಪರೀಕ್ಷಾರ್ಹವಾದುದು. 1850ರ ದಶಕದ ಆದಿಭಾಗದಲ್ಲಿ ಫ್ರೆಡರಿಕ್ ಫೀಬಿಗ್ ತೆಗೆದ ಮದರಾಸಿನ ಅನೇಕ ಚಿತ್ರಗಳಿಗೆ ಕೈಯಿಂದ ಬಣ್ಣ ಹಚ್ಚಲಾಗಿದೆ. ಅಲ್ಲಿನ ರೂಪವು ಬೆಳಕಿನ ಕೆಲಸ, ಬಣ್ಣವು ಕುಂಚದ್ದು. ಮೊದಲನೆಯದನ್ನು ನಂಬುವಂತೆ ಎರಡನೆಯದನ್ನು ನಂಬಲಾಗದು. ಇದಕ್ಕೆ ಪ್ರತಿಯಾಗಿ, ಮರೀನಾ ಗೋಪುರದ ಕೆಂಪು–ಬಿಳಿ ಪಟ್ಟೆಗಳು ಹಗಲಿನಲ್ಲಿ ನಾವಿಕನಿಗೆ ಗುರುತಾಗಲೆಂದೇ ಬಳಿದವು. ಅದನ್ನು ಕಪ್ಪು–ಬಿಳುಪಿನಲ್ಲಿ ತೆಗೆಯುವ ರಸಿಕನು ಛಾಯೆಯ ಗಾಂಭೀರ್ಯವನ್ನು ಗಳಿಸಿ, ವಸ್ತುವಿನ ಪ್ರಯೋಜನವನ್ನು ಕಳೆದುಕೊಳ್ಳುತ್ತಾನೆ.

ರಾತ್ರಿಯ ಚಿತ್ರದ ತೊಡಕು ಇನ್ನೂ ಸೂಕ್ಷ್ಮವಾದುದು. ಕಡಲಿನಲ್ಲಿ ಒಂದು ದೀಪವನ್ನು ಮತ್ತೊಂದರಿಂದ ಬೇರ್ಪಡಿಸುವುದು ಅದರ ಪ್ರಭೆ ಮಾತ್ರವಲ್ಲ. ಮಿನುಗಿಗೂ ಮಿನುಗಿಗೂ ನಡುವಣ ನಿಯತವಾದ ಅಂತರ. ಸ್ಥಿರಚಿತ್ರವು ಈ ಲಯವನ್ನು ಹಿಡಿಯಲಾರದು. ದೀರ್ಘಕಾಲ ಮಸೂರವನ್ನು ತೆರೆದಿಟ್ಟು ತೆಗೆದ ಚಿತ್ರದಲ್ಲಿ ಹಲವು ಮಿನುಗುಗಳು ಒಂದೇ ಬೆಳಕಾಗಿ ಕಲೆತುಹೋಗುತ್ತವೆ. ಚಿತ್ರ ನುಡಿಯಲಾರದುದನ್ನು ಅಡಿಬರಹವೇ ನುಡಿಯಬೇಕು.

ಕಲೆಗೆ ಇಂಥ ನಿರ್ಬಂಧಗಳೇಕೆ, ಸೌಂದರ್ಯವೊಂದೇ ಸಾಲದೇ ಎಂಬ ಆಕ್ಷೇಪ ಬರಬಹುದು. ಅಂದವಾದ ಚಿತ್ರಕ್ಕೆ ತನ್ನ ಸ್ಥಾನ ಇದ್ದೇ ಇದೆ. ಆದರೆ ದೀಪಸ್ತಂಭವು ಕಡಲಿನಿಂದ ನೋಡುವವನಿಗಾಗಿ ಕಟ್ಟಿದ್ದು. ಪ್ರವಾಸಿ ಅದನ್ನು ಸಾಮಾನ್ಯವಾಗಿ ನೆಲದಿಂದಲೇ ನೋಡುತ್ತಾನೆ. ಭದ್ರತೆಯ ಕಾರಣದಿಂದ ಎರಡು ದಶಕಗಳಿಗೂ ಮಿಗಿಲಾಗಿ ಸಾರ್ವಜನಿಕರಿಗೆ ಮುಚ್ಚಿದ್ದ ಮರೀನಾ ಗೋಪುರ 2013ರಲ್ಲಿ ಮತ್ತೆ ತೆರೆದ ಮೇಲೆ, ಮೇಲಿನಿಂದ ಕಡಲತ್ತ ನೋಡುವ ಅವಕಾಶವಾದರೂ ಒದಗಿತು. ಆದರೂ ಮೀನುಗಾರನ ದೋಣಿಯಿಂದ ಕಾಣುವ ಗೋಪುರದ ಚಿತ್ರವೇ ಅಪೂರ್ವ. ಅದೇ ಅತ್ಯಂತ ಸತ್ಯವಾದುದೂ ಹೌದು.

ದಿನಾಂಕ, ನಿಂತ ಸ್ಥಳ, ನೋಡಿದ ದಿಕ್ಕು—ಈ ಮೂರನ್ನು ಚಿತ್ರದೊಡನೆ ಬರೆದಿಡುವ ಪ್ರವಾಸಿ, ತನಗೆ ಅರಿವಿಲ್ಲದೆಯೇ ಚರಿತ್ರಕಾರನಿಗೆ ನೆರವಾಗುತ್ತಾನೆ. ಬರೆಯದವನ ಚಿತ್ರವು ಎಷ್ಟೇ ರಮ್ಯವಾಗಿರಲಿ, ದೀಪವಿಲ್ಲದ ಕಂಬದಂತೆ ನಿಂತಿರುತ್ತದೆ.